ಗ್ರಾಗ್ ಕುಡಿದ ರಾತ್ರಿ ಬಿಯರ್ ಮುಟ್ಟಬೇಡ

ಮಗೂ, ಫಿಜಿಯ ನಾಂದಿ ಊರಿನ ಹೋಟೆಲಿನಲ್ಲಿ ಕೆಲಸ ಸಿಕ್ಕಿತೆಂದು ನೀನು ಫೋನ್ ಮಾಡಿದ ದಿನದಿಂದ ಒಂದು ಮಾತು ನನ್ನ ಗಂಟಲಲ್ಲೇ ಉಳಿದಿದೆ. ಫಿಜಿಯಲ್ಲಿ ಹನ್ನೊಂದು ವರ್ಷ ಮೇಷ್ಟರಾಗಿದ್ದವನು ನಾನು. ಅಲ್ಲಿನ ಸಂಜೆಗಳನ್ನು ಬಲ್ಲೆ. ನಿನ್ನಮ್ಮ ಕೇಳಿದರೆ ಗಾಬರಿಯಾಗುತ್ತಾಳೆ, ಅದಕ್ಕೇ ನಿನಗೇ ಬರೆಯುತ್ತಿದ್ದೇನೆ.

ನೀನು ಹೋದ ಒಂದು ವಾರದೊಳಗೆ ಯಾರಾದರೂ ನಿನ್ನನ್ನು ಚಾಪೆಯ ಮೇಲೆ ಕೂರಿಸಿ, ತೆಂಗಿನ ಚಿಪ್ಪಿನಲ್ಲಿ ಕೆಸರುಬಣ್ಣದ ನೀರು ಕೊಡುತ್ತಾರೆ. ಅದೇ ಯಂಗೋನಾ. ಹೊರಗಿನವರು ಕಾವಾ ಅನ್ನುತ್ತಾರೆ, ಅಲ್ಲಿಯವರ ಬಾಯಲ್ಲಿ ಅದು ಗ್ರಾಗ್. ಒಣಬೇರಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ, ತಾನೋವಾ ಎಂಬ ಮರದ ಬೋಗುಣಿಯ ತಣ್ಣೀರಿನಲ್ಲಿ ಹಿಂಡಿ ತೆಗೆದ ರಸ. ನಾಲಿಗೆ ಜುಮ್ಮೆನ್ನುತ್ತದೆ, ಮೈ ಸಡಿಲವಾಗುತ್ತದೆ. ಆ ಗಿಡ ನಮ್ಮ ಕರಿಮೆಣಸು, ವೀಳ್ಯದೆಲೆಗಳ ಕುಲದ್ದೇ. ನಾವು ಮನೆಗೆ ಬಂದವರಿಗೆ ತಾಂಬೂಲ ಕೊಡುತ್ತೇವೆ. ಅಲ್ಲಿ ಹಳ್ಳಿಗೆ ಹೋದವನೇ ಬೇರಿನ ಕಟ್ಟನ್ನು ಮುಖ್ಯಸ್ಥನ ಮುಂದಿಟ್ಟು ಕೂರಬೇಕು. ಅದನ್ನು ಸೆವುಸೆವು ಅನ್ನುತ್ತಾರೆ. ಗಿರ್ಮಿಟ್ ಕೂಲಿಗಳಾಗಿ 1879ರಿಂದ ಅಲ್ಲಿಗೆ ಹೋದ ನಮ್ಮ ದೇಶದವರ ಮೊಮ್ಮಕ್ಕಳೂ ಇವತ್ತು ಅದೇ ಬೋಗುಣಿಯ ಸುತ್ತ ಕೂರುತ್ತಾರೆ. ಆದ್ದರಿಂದ ಚಿಪ್ಪು ಚಾಚಿದರೆ ಮುಖ ತಿರುಗಿಸಬೇಡ, ಅದು ಅವರ ಮರ್ಯಾದೆ. ಮೈ ಚೆನ್ನಾಗಿದ್ದು, ನಿದ್ದೆಯ ಮಾತ್ರೆ ಗೀತ್ರೆ ನುಂಗುತ್ತಿಲ್ಲವಾದರೆ ಒಂದೆರಡು ಚಿಪ್ಪಿಗೆ ನನ್ನ ತಕರಾರಿಲ್ಲ.

ನನ್ನ ಭಯ ಇರುವುದು ಆಮೇಲಿನದರ ಬಗ್ಗೆ. ಬೋಗುಣಿ ಬರಿದಾದ ಮೇಲೆ ಯಾರೋ ಒಬ್ಬ ‘ವಾಷ್‌ಡೌನ್’ ಅನ್ನುತ್ತಾನೆ. ಗ್ರಾಗಿನ ಮೇಲೆ ಒಂದು ಬಿಯರ್, ಬಾಯಿಯ ಕಹಿ ತೊಳೆಯಲು ಎಂಬ ನೆಪ. ವಾರದ ಕೊನೆಯಲ್ಲಿ ಇದು ಎಷ್ಟು ಸಹಜವೆಂದರೆ, ಬೇಡ ಅಂದವನನ್ನೇ ವಿಚಿತ್ರವಾಗಿ ನೋಡುತ್ತಾರೆ. ನೀನು ಬೇಡ ಅನ್ನಲೇಬೇಕು.

ಯಾಕೆ ಹೇಳುತ್ತೇನೆ ಕೇಳು. ಬೇರಿನಲ್ಲಿರುವ ಕಾವಾಲ್ಯಾಕ್ಟೋನ್‌ಗಳು ಮಿದುಳಿನ ಚುರುಕನ್ನು ತಗ್ಗಿಸುವ ವ್ಯವಸ್ಥೆಯನ್ನು ಬಲಪಡಿಸುತ್ತವೆ. ಮದ್ಯವೂ ಅದೇ ಬಾಗಿಲಿನಿಂದ ಒಳಹೊಕ್ಕು ಅದೇ ಕೆಲಸ ಮಾಡುತ್ತದೆ. 1997ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕಾವಾ ಮಾತ್ರ ಕುಡಿದವರ ಬುದ್ಧಿಯ ಚುರುಕು ಕುಗ್ಗಲಿಲ್ಲ. ಮದ್ಯ ಕುಡಿದವರದು ಕುಗ್ಗಿತು. ಎರಡನ್ನೂ ಕುಡಿದವರ ಸ್ಥಿತಿ ಬರೀ ಮದ್ಯ ಕುಡಿದವರಿಗಿಂತಲೂ ಕೆಟ್ಟಿತು. ಇಲ್ಲೇ ಮೋಸವಿರುವುದು. ಗ್ರಾಗ್ ಕುಡಿದಾಗ ತಲೆ ತಿಳಿಯಾಗಿದೆ ಅನ್ನಿಸುತ್ತದೆ, ಮಾತು ತೊದಲುವುದಿಲ್ಲ. ಆ ಧೈರ್ಯದ ಮೇಲೆ ಬಿಯರ್ ಸುರಿದುಕೊಂಡವನಿಗೆ ತಾನು ಎಲ್ಲಿ ಮುಗ್ಗರಿಸಿದೆ ಎಂಬುದೇ ತಿಳಿಯುವುದಿಲ್ಲ.

ನನ್ನ ಜೊತೆಗಿದ್ದ ಇನ್ನೊಬ್ಬ ಮೇಷ್ಟರು ಹಾಗೆಯೇ ಹೊರಟರು. ಐದಾರು ಚಿಪ್ಪು, ಆಮೇಲೆ ಎರಡು ಬಾಟಲಿ. ‘ನಾನು ಸರಿಯಾಗಿದ್ದೇನೆ’ ಎಂದು ನನ್ನ ಭುಜ ತಟ್ಟಿ ಕಾರು ಹತ್ತಿದರು. ಕ್ವೀನ್ಸ್ ರಸ್ತೆಯ ತಿರುವಿನಲ್ಲಿ ಕಾರು ಚರಂಡಿಗೆ ಇಳಿದು, ಅವರ ಸೊಂಟ ಮುರಿಯಿತು. ಮತ್ತೆ ನೆಟ್ಟಗೆ ನಡೆಯಲಿಲ್ಲ. ಅವತ್ತು ಕೀಲಿಯನ್ನು ನಾನು ಕಿತ್ತುಕೊಳ್ಳಬಹುದಿತ್ತು, ಕಿತ್ತುಕೊಳ್ಳಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ ಮಗೂ.

ಇನ್ನು ಪಿತ್ತಜನಕಾಂಗದ ವಿಷಯ. ಕಾವಾದ ಮಾತ್ರೆ, ಸಾರ ತೆಗೆದುಕೊಂಡ ಕೆಲವರ ಪಿತ್ತಜನಕಾಂಗ ಕೆಟ್ಟಿತೆಂದು 2002ರಲ್ಲಿ ಜರ್ಮನಿ ಅವುಗಳ ಮಾರಾಟ ನಿಲ್ಲಿಸಿತು. 2014ರಲ್ಲಿ ಅಲ್ಲಿನ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಬೇರನ್ನು ನೀರಿನಲ್ಲಿ ಹಿಂಡಿದ ಪಾನೀಯಕ್ಕೂ ಮಾತ್ರೆಗೂ ವ್ಯತ್ಯಾಸವಿದೆ, ನಿಜ. ಆದರೆ ಆ ರೋಗಿಗಳಲ್ಲಿ ಮದ್ಯವನ್ನೋ ಬೇರೆ ಔಷಧಿಯನ್ನೋ ಜೊತೆಗೆ ತೆಗೆದುಕೊಂಡವರೂ ಇದ್ದರು. ಕಾವಾ, ಮದ್ಯ ಎರಡನ್ನೂ ಅರಗಿಸಬೇಕಾದದ್ದು ಅದೊಂದೇ ಅಂಗ ಅನ್ನುವುದನ್ನು ನೆನಪಿಡು. ಮರುದಿನ ತಲೆನೋವೆಂದು ಪ್ಯಾರಾಸಿಟಮಾಲ್ ಮೇಲೆ ಪ್ಯಾರಾಸಿಟಮಾಲ್ ನುಂಗಿ ಅದಕ್ಕೆ ಮೂರನೆಯ ಹೊರೆ ಹೊರಿಸಬೇಡ.

ಮೊದಲು ಬಿಯರ್ ಕುಡಿದು ಆಮೇಲೆ ಗ್ರಾಗ್ ಕುಡಿದರೂ ಅಷ್ಟೇ. ಯಾವುದು ಮುಂದೆ, ಯಾವುದು ಹಿಂದೆ ಎಂದು ದೇಹ ಲೆಕ್ಕ ಇಡುವುದಿಲ್ಲ. ಜೊತೆಯವನೊಬ್ಬ ಎರಡನ್ನೂ ಕುಡಿದು ಮಲಗಿದರೆ ಅಂಗಾತ ಬಿಡಬೇಡ. ಮಗ್ಗುಲಾಗಿ ಮಲಗಿಸು, ಪಕ್ಕದಲ್ಲಿರು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿ.

ನಿನಗೆ ಒಂದು ದಾರಿ ಹೇಳಿಕೊಡುತ್ತೇನೆ. ಬಾಟಲಿ ತೆರೆಯುವ ಸದ್ದು ಕೇಳಿದ ತಕ್ಷಣ ಏಳು. ಕೈಮುಗಿದು ‘ವಿನಾಕಾ’ ಅನ್ನು, ಅಂದರೆ ಧನ್ಯವಾದ. ನಾಳೆ ಮುಂಜಾನೆ ಡ್ಯೂಟಿ ಇದೆ ಅನ್ನು. ಹೋಟೆಲಿನವರಿಗೆ ಅದು ಅರ್ಥವಾಗುತ್ತದೆ. ಬರೀ ಗ್ರಾಗ್ ಕುಡಿದಿದ್ದರೂ ಸ್ಟೇರಿಂಗ್ ಮುಟ್ಟದೆ ಟ್ಯಾಕ್ಸಿ ಹಿಡಿ. ಕೋಣೆ ಸೇರಿದ ಮೇಲೆ ನನಗೊಂದು ಮೆಸೇಜ್ ಹಾಕು, ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ. ಈ ವಯಸ್ಸಿಗೆ ನನಗೆ ನಿದ್ದೆ ಕಡಿಮೆ.