ಬರುವುದೋ, ಹೋಗುವುದೋ?

ಹೊರಡುವ ಹೊತ್ತಿಗೆ ಕನ್ನಡಿಗನು 'ಹೋಗಿ ಬರುತ್ತೇನೆ' ಎನ್ನುತ್ತಾನೆ. ಮರಾಠಿಗನು 'ಯೇತೋ', ಅಂದರೆ 'ಬರುತ್ತೇನೆ' ಎಂದಷ್ಟೇ ಹೇಳುತ್ತಾನೆ. ಹೋಗುವ ಮಾತನ್ನೇ ಎತ್ತುವುದಿಲ್ಲ. ಹಲವು ವರ್ಷ ಪರದೇಶದಲ್ಲಿದ್ದು ಊರು ನೋಡಲು ಬಂದವನ ಬಾಯಲ್ಲಿ ಈ ಕ್ರಿಯಾಪದಗಳು ತೊಡಕಾಗುತ್ತವೆ. ತಾಯಿ 'ಮಗ ಮನೀಗೆ ಬಂದಾನ' ಎಂದು ಹಿಗ್ಗುತ್ತಾಳೆ. ಮೂರನೆಯ ವಾರಕ್ಕೆ ಮಗನು 'ಇನ್ನು ಮನೆಗೆ ಹೋಗಬೇಕು' ಎಂದುಬಿಡುತ್ತಾನೆ. ಆ 'ಮನೆ' ಬೇರೆಯದೆಂಬುದು ಅವನಿಗಿಂತ ಮೊದಲು ತಾಯಿಗೆ ತಿಳಿಯುತ್ತದೆ.

ಎ. ಕೆ. ರಾಮಾನುಜನ್ ಅವರನ್ನು ಓದುವಾಗಲೂ ಈ ಪ್ರಶ್ನೆ ಏಳುತ್ತದೆ. ಬೆಳಗಾವಿಯಲ್ಲಿಯೂ ಪಾಠ ಹೇಳಿದ್ದ ಅವರು 1959ರಲ್ಲಿ ಅಮೆರಿಕಕ್ಕೆ ತೆರಳಿದರು. ಶಿಕಾಗೋದಲ್ಲಿ ನೆಲೆಸಿ, ಆಗಾಗ ಬಂದುಹೋಗುತ್ತಿದ್ದರು. ಅವರ ಮೂರು ಕನ್ನಡ ಕವನಸಂಕಲನಗಳೂ ಆ ಬಳಿಕವೇ ಪ್ರಕಟವಾದವು. 1990ರ ಸಂಕಲನಕ್ಕಿಟ್ಟ ಹೆಸರು ಅಂಗಳದ ಮಕ್ಕಳ ಆಟದ್ದು: 'ಕುಂಟೋಬಿಲ್ಲೆ'. ಅವರನ್ನು ಅನಿವಾಸಿ ಕವಿಯೆಂದು ಬದಿಗಿರಿಸುವವರು ಆ ಹೆಸರನ್ನಾದರೂ ಗಮನಿಸಬೇಕು.