ನೂರು ಜನ ಏನಂದರು? ಊಹಿಸಿ ಗೆಲ್ಲಿ

ಕ್ವಿಜ್‌ನಲ್ಲಿ ಸದಾ ಮುಂದಿರುವವರೂ ಈ ಆಟದಲ್ಲಿ ಮುಗ್ಗರಿಸುವುದುಂಟು. ‘ಬೀಚ್‌ಗೆ ಹೋಗುವಾಗ ಏನು ಒಯ್ಯುತ್ತೀರಿ?’ ಎಂಬ ಪ್ರಶ್ನೆಗೆ ಸರಿ ಉತ್ತರ ಎಂಬುದೇ ಇಲ್ಲ. ಸಮೀಕ್ಷೆಯಲ್ಲಿ ಹೆಚ್ಚು ಜನ ಏನು ಹೇಳಿದ್ದಾರೋ ಅದಕ್ಕೇ ಹೆಚ್ಚು ಅಂಕ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1976ರಲ್ಲಿ ಶುರುವಾದ ‘ಫ್ಯಾಮಿಲಿ ಫ್ಯೂಡ್’ ಈ ಬಗೆಯ ಆಟವನ್ನು ಮನೆಮಾತಾಗಿಸಿತು. ಅಲ್ಲಿ ನೂರು ಜನರನ್ನು ಕೇಳಿ, ಒಂದು ಉತ್ತರವನ್ನು ಎಷ್ಟು ಜನ ಹೇಳಿದರೋ ಅಷ್ಟು ಅಂಕ ಕೊಡುತ್ತಾರೆ. ಕಲರ್ಸ್ ಕನ್ನಡದಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಡುತ್ತಿದ್ದ ‘ಫ್ಯಾಮಿಲಿ ಪವರ್’ ನೋಡಿದವರಿಗೆ ಇದರ ಮಜಾ ಗೊತ್ತು. ಈಗ ಇದೇ ಜಾಡಿನ ಹಲವು ಆಟಗಳು ಮೊಬೈಲ್‌ಗೆ ಬಂದಿವೆ.

ಡೌನ್‌ಲೋಡ್ ಮಾಡುವ ಮುನ್ನ ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಕೆಳಗೆ ಕಣ್ಣಾಡಿಸಿ. ಜಾಹೀರಾತು ಇದೆಯೇ, ಆಟದೊಳಗೆ ಖರೀದಿ ಇದೆಯೇ ಎಂಬುದು ಅಲ್ಲೇ ಬರೆದಿರುತ್ತದೆ. ಮಕ್ಕಳು ಆಡುವ ಫೋನಾದರೆ, ಪ್ರತಿ ಖರೀದಿಗೂ ಪಾಸ್‌ವರ್ಡ್ ಇಲ್ಲವೇ ಬೆರಳಚ್ಚು ಕೇಳುವಂತೆ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಬದಲಿಸಿಡಿ. ಪದ ಊಹಿಸುವ ಆಟಕ್ಕೆ ನಿಮ್ಮ ಕಾಂಟ್ಯಾಕ್ಟ್ಸ್ ಪಟ್ಟಿ ಬೇಕಿಲ್ಲ. ಅನುಮತಿ ಕೇಳಿದರೆ ನಿರಾಕರಿಸಿ.

ಇನ್ನು ಆಟ. ಪ್ರಶ್ನೆ ಓದಿದಾಕ್ಷಣ ತಲೆಗೆ ಹೊಳೆದದ್ದನ್ನೇ ಮೊದಲು ಟೈಪ್ ಮಾಡಿ. ಸಮೀಕ್ಷೆಯಲ್ಲಿ ಉತ್ತರ ಕೊಟ್ಟವರೂ ಯೋಚಿಸುತ್ತಾ ಕೂತವರಲ್ಲ. ಅಪರೂಪದ, ಜಾಣತನದ ಉತ್ತರಕ್ಕೆ ಇಲ್ಲಿ ಬೆಲೆ ಕಡಿಮೆ. ‘ಲ್ಯಾಬ್ರಡಾರ್’ ಅನ್ನುವುದಕ್ಕಿಂತ ‘ನಾಯಿ’ ಅನ್ನುವುದೇ ಲೇಸು.

ನಮ್ಮವರು ಹೆಚ್ಚಾಗಿ ಎಡವುವುದು ಬೇರೆಡೆ. ಉತ್ತರ ಕೊಟ್ಟ ಜನ ಯಾವ ಊರಿನವರು ಎಂಬುದನ್ನೇ ಮರೆತುಬಿಡುತ್ತೇವೆ. ಬೆಳಗಿನ ತಿಂಡಿ ಹೆಸರಿಸಿ ಎಂದರೆ ನಮ್ಮ ಬೆರಳು ಇಡ್ಲಿ, ಉಪ್ಪಿಟ್ಟಿನ ಕಡೆ ಓಡುತ್ತದೆ. ಅಮೆರಿಕನ್ನರ ಸಮೀಕ್ಷೆಯಾದರೆ ಮೊಟ್ಟೆ, ಪ್ಯಾನ್‌ಕೇಕ್, ಸೀರಿಯಲ್ ಅನ್ನಿ. ಹಳದಿ ಹಣ್ಣು ಎಂದರೆ ನಮಗೆ ಮಾವು. ಅಲ್ಲಿನವರಿಗೆ ಬಾಳೆ, ನಿಂಬೆ. ಡಾಲರ್, ಹ್ಯಾಲೋವೀನ್, ಬೇಸ್‌ಬಾಲ್ ಬರುವ ಪ್ರಶ್ನೆಗಳು ಎದುರಾದರೆ ಸಮೀಕ್ಷೆ ಎಲ್ಲಿಯದೆಂದು ಸುಳಿವು ಸಿಕ್ಕಂತೆ. ನಾಲ್ಕಾರು ಸುತ್ತು ಸೋತರೂ ಸರಿ, ಬೋರ್ಡ್‌ನಲ್ಲಿ ತೆರೆದುಕೊಳ್ಳುವ ಉತ್ತರಗಳನ್ನು ಗಮನವಿಟ್ಟು ಓದಿ. ಆ ಜನರ ಅಡುಗೆಮನೆ, ಹಬ್ಬ, ಭಯ ಎಲ್ಲವೂ ಅಲ್ಲಿ ಕಾಣುತ್ತದೆ. ಈ ಆಟದಲ್ಲಿ ನನಗೆ ಅತಿ ಇಷ್ಟವಾದದ್ದೂ ಅದೇ.

ಒಬ್ಬರೇ ಆಡಿ ಬೇಸರವಾದರೆ ಮನೆಯಲ್ಲೇ ಕನ್ನಡದ ಸಮೀಕ್ಷೆ ಮಾಡಿ. ಇದು ಆ್ಯಪ್‌ಗಿಂತ ಎಷ್ಟೋ ಸೊಗಸು. ಐದು ಪ್ರಶ್ನೆ ಸಿದ್ಧಪಡಿಸಿ: ಬಸ್ ತಡವಾದರೆ ಏನು ಮಾಡುತ್ತೀರಿ? ಮದುವೆ ಊಟದಲ್ಲಿ ಎರಡನೇ ಸಲ ಏನು ಬಡಿಸಿಕೊಳ್ಳುತ್ತೀರಿ? ಹೌದು-ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. ಇಪ್ಪತ್ತು ಮೂವತ್ತು ಜನ ನೆಂಟರಿಗೆ, ಸ್ನೇಹಿತರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಗ್ರೂಪ್‌ಗೆ ಹಾಕಿದರೆ ಮೊದಲು ಉತ್ತರಿಸಿದವರನ್ನೇ ಉಳಿದವರು ಅನುಸರಿಸುತ್ತಾರೆ, ಆದ್ದರಿಂದ ಒಬ್ಬೊಬ್ಬರಿಗೇ ಬೇರೆಯಾಗಿ ಕಳಿಸಬೇಕು. ಬಂದ ಉತ್ತರಗಳಲ್ಲಿ ಟೀ, ಚಾ, ಚಹಾ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ಸೇರಿಸಿ. ಒಬ್ಬರೇ ಹೇಳಿದ್ದನ್ನು ಬಿಟ್ಟು, ಉಳಿದವನ್ನು ಜನರ ಸಂಖ್ಯೆಯ ಪ್ರಕಾರ ಮೇಲಿಂದ ಕೆಳಗೆ ಬರೆದಿಡಿ.

ಇವನ್ನು ಆಡಲು ಟಿವಿಯ ‘ಫ್ಯಾಮಿಲಿ ಫ್ಯೂಡ್’ನ ಕೊನೆಯ ಸುತ್ತಿನ ಕ್ರಮವೇ ಚೆನ್ನ. ತಂಡದ ಒಬ್ಬರು ಐದು ಪ್ರಶ್ನೆಗೂ 20 ಸೆಕೆಂಡಿನೊಳಗೆ ಉತ್ತರಿಸಬೇಕು. ಅಷ್ಟು ಹೊತ್ತು ಜೊತೆಗಾರರು ಆಚೆ ಕೋಣೆಯಲ್ಲಿರಬೇಕು. ಎರಡನೆಯವರಿಗೆ 25 ಸೆಕೆಂಡು, ಏಕೆಂದರೆ ಮೊದಲಿನವರ ಉತ್ತರವನ್ನೇ ಹೇಳಿದರೆ ಇನ್ನೊಂದು ಉತ್ತರ ಹುಡುಕಬೇಕಾಗುತ್ತದೆ. ಟಿವಿಯಲ್ಲಿ ಇಬ್ಬರ ಅಂಕ ಸೇರಿ 200 ಆಗಬೇಕು. ನೀವು ಕಡಿಮೆ ಜನರನ್ನು ಕೇಳಿರುವುದರಿಂದ ಗುರಿಯನ್ನೂ ಅದಕ್ಕೆ ತಕ್ಕಂತೆ ಇಳಿಸಿ: ಮೂವತ್ತು ಜನರಾದರೆ 60 ಸಾಕು. ಸಮೀಕ್ಷೆ ಮಾಡಿದವರು ಮಾತ್ರ ಆಡುವಂತಿಲ್ಲ. ಉತ್ತರದ ಹಾಳೆ, ಗಡಿಯಾರ ಎರಡೂ ಅವರ ಕೈಯಲ್ಲೇ ಇರಲಿ.