ಅರವತ್ತೊಂದನೆಯ ದಿನದ ಬೆಳಿಗ್ಗೆ

ಕ್ರಿಮಿನಲ್ ಕೋರ್ಟಿನಲ್ಲಿ ವಾದದಲ್ಲಿ ಸೋತರೆ ಸಾಕ್ಷಿಯ ಮೇಲೋ ನ್ಯಾಯಾಧೀಶರ ಮೇಲೋ ಹೊರಿಸಿ ಮನೆಗೆ ಹೋಗಬಹುದು. ದಿನದ ಲೆಕ್ಕದಲ್ಲಿ ಸೋತರೆ ಬೈಯಲು ಯಾರೂ ಸಿಗುವುದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರು ಎಲ್ಲರಿಗೂ ಒಂದೇ ತಾನೆ. ಜಿಲ್ಲಾ ಕೋರ್ಟಿನಲ್ಲಿ ಓಡಾಡಿಕೊಂಡಿರುವ ನನಗೆ ಈ ಲೆಕ್ಕ ಇವತ್ತಿಗೂ ಸಲೀಸಲ್ಲ. ಬೆರಳು ಮಡಚಿ ಎಣಿಸಿ, ಕಿರಿಯರ ಕೈಲಿ ಇನ್ನೊಮ್ಮೆ ಎಣಿಸಿಯೇ ಸಹಿ ಹಾಕುತ್ತೇನೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕಲಂ ನಂಬರುಗಳು ಬದಲಾದವು, ಎಡವುವ ಜಾಗಗಳು ಹೆಚ್ಚುಕಡಿಮೆ ಅವೇ ಉಳಿದಿವೆ.

1. ಮೊದಲ ದಿನ ಎಣಿಕೆಗೆ ಸೇರುತ್ತದೋ ಇಲ್ಲವೋ, ಅದನ್ನೇ ಮೊದಲು ನೋಡಿ

ಕಾಲೇಜಿನಲ್ಲಿ ಕಲಿತದ್ದು ಒಂದೇ ಸೂತ್ರ: ಘಟನೆ ನಡೆದ ದಿನ ಬಿಡು, ಮರುದಿನದಿಂದ ಎಣಿಸು. 1963ರ ಕಾಲಮಿತಿ ಕಾಯಿದೆಯ 12ನೇ ಕಲಂ ಹೇಳುವುದೂ ಇದನ್ನೇ, 1897ರ ಜನರಲ್ ಕ್ಲಾಸಸ್ ಆಕ್ಟಿನ 9ನೇ ಕಲಮಿನ ಧಾಟಿಯೂ ಇದೇ. ಮೇಲ್ಮನವಿಗೆ, ರಿವಿಷನ್ನಿಗೆ, ಚೆಕ್ ಬೌನ್ಸ್ ದೂರಿಗೆ ಈ ಸೂತ್ರ ಸರಿ. ಅದನ್ನೇ ನಾನು ಡೀಫಾಲ್ಟ್ ಬೇಲಿಗೂ ಹಚ್ಚುತ್ತಿದ್ದೆ. ಆರೋಪಿ ನ್ಯಾಯಾಂಗ ಬಂಧನದಲ್ಲಿರುವಾಗ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಸಿಗುವ ಜಾಮೀನು ಅದು.

ನನ್ನೊಬ್ಬನದೇ ತಪ್ಪಲ್ಲ ಎನ್ನುವುದೊಂದು ಸಮಾಧಾನ. ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲೇ ಎರಡು ಸಾಲುಗಳಿದ್ದವು: ಕೆಲವು ರಿಮ್ಯಾಂಡ್ ದಿನವನ್ನು ಸೇರಿಸುತ್ತಿದ್ದವು, ಕೆಲವು ಬಿಡುತ್ತಿದ್ದವು. ಗೊಂದಲ ಬಗೆಹರಿದದ್ದು 2023ರ ಮಾರ್ಚ್ 27ರಂದು, ಕಪಿಲ್ ವಾಧವಾನ್ ಪ್ರಕರಣದಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠದಿಂದ. ನಮ್ಮ ರಾಜ್ಯದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರೂ ಆ ಪೀಠದಲ್ಲಿದ್ದರು. ರಿಮ್ಯಾಂಡ್ ಮಾಡಿದ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂಬುದೇ ಉತ್ತರ. ಆ ಪ್ರಕರಣದ ರಿಮ್ಯಾಂಡ್ 2020ರ ಮೇ 14ರದ್ದು. ಆ ದಿನವನ್ನೂ ಸೇರಿಸಿದರೆ ಜುಲೈ 12ಕ್ಕೆ ಅರವತ್ತು ತುಂಬುತ್ತದೆ, ಬಿಟ್ಟರೆ 13ಕ್ಕೆ. ಆ ಒಂದು ದಿನಕ್ಕಾಗಿ ಪ್ರಶ್ನೆ ಸುಪ್ರೀಂ ಕೋರ್ಟಿನ ದೊಡ್ಡ ಪೀಠದವರೆಗೂ ಹೋಯಿತು.

2. ಬಂಧನದ ದಿನ ಬೇರೆ, ರಿಮ್ಯಾಂಡ್ ದಿನ ಬೇರೆ

ಕಕ್ಷಿದಾರನ ಮನೆಯವರಿಗೆ ನೆನಪಿರುವುದು ಪೊಲೀಸರು ಕರೆದುಕೊಂಡು ಹೋದ ರಾತ್ರಿ. ಅವರು ಹೇಳಿದ ತಾರೀಖನ್ನೇ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಎಣಿಕೆ ಶುರುವಾಗುವುದು ಮ್ಯಾಜಿಸ್ಟ್ರೇಟರು ಬಂಧನಕ್ಕೆ ಒಪ್ಪಿಸಿದ ದಿನದಿಂದ. ಚಾಗಂಟಿ ಸತ್ಯನಾರಾಯಣ ಪ್ರಕರಣದಲ್ಲಿ 1986ರಲ್ಲೇ ಇದು ತೀರ್ಮಾನವಾಗಿದೆ. ಈಗ ರಿಮ್ಯಾಂಡ್ ಆದೇಶದ ನಕಲು ಕೈಗೆ ಬರುವವರೆಗೆ ಡೈರಿಯಲ್ಲಿ ಪೆನ್ಸಿಲ್ಲಿನಲ್ಲಷ್ಟೇ ಬರೆಯುತ್ತೇನೆ.

ಇನ್ನು ಅರವತ್ತೋ ತೊಂಬತ್ತೋ ಎಂಬ ಪ್ರಶ್ನೆ. ಗಂಭೀರವಾಗಿ ಕೇಳಿಸುವ ಅಪರಾಧಗಳಿಗೆಲ್ಲ ತೊಂಬತ್ತು ಎಂದು ಅಂದಾಜಿನ ಮೇಲೆ ನಡೆಯುತ್ತಿದ್ದೆ. ಆತ್ಮಹತ್ಯೆಗೆ ಪ್ರಚೋದನೆ ಗಂಭೀರ ಅಪರಾಧವೇ, ಆದರೆ ಅದರ ಶಿಕ್ಷೆ ಗರಿಷ್ಠ ಹತ್ತು ವರ್ಷ, ಕನಿಷ್ಠ ಇಷ್ಟೇ ಎಂದೇನೂ ಇಲ್ಲ. ಹಳೆಯ ಸಂಹಿತೆಯಲ್ಲಿದ್ದ ‘ಹತ್ತು ವರ್ಷಕ್ಕೆ ಕಡಿಮೆಯಿಲ್ಲದ’ ಎಂಬ ಮಾತಿಗೆ 2017ರ ರಾಕೇಶ್ ಕುಮಾರ್ ಪಾಲ್ ತೀರ್ಪು ಕನಿಷ್ಠ ಶಿಕ್ಷೆಯನ್ನು ಅಳತೆಯಾಗಿಟ್ಟಿತು. ಹಾಗಾಗಿ ಅಂಥ ಕೇಸಿಗೆ ಅರವತ್ತೇ. ಹೊಸ ಸಂಹಿತೆಯ 187ನೇ ಕಲಂ ‘ಹತ್ತು ವರ್ಷ ಅಥವಾ ಹೆಚ್ಚು’ ಎನ್ನುತ್ತದೆ. ಈ ಪದವ್ಯತ್ಯಾಸವನ್ನು ಹಿಡಿದು ಸರ್ಕಾರಿ ಅಭಿಯೋಜಕರು ವಾದ ಮಾಡಿಯೇ ಮಾಡುತ್ತಾರೆ. ಮಾಡಲಿ. ಅರ್ಜಿಯಂತೂ ಅರವತ್ತೊಂದನೆಯ ದಿನವೇ ಹೋಗಬೇಕು, ವಾದ ಆಮೇಲೆ.

3. ಹಕ್ಕು ಹುಟ್ಟಿದರೆ ಸಾಲದು, ಕೇಳಬೇಕು

ಈ ಪಾಠಕ್ಕೆ ನಾನು ತೆತ್ತದ್ದು ಜಾಸ್ತಿ. ನಿಜ ಹೇಳಬೇಕೆಂದರೆ ತೆತ್ತವನು ನನ್ನ ಕಕ್ಷಿದಾರ. ಅರವತ್ತು ದಿನ ತುಂಬಿತ್ತು, ಚಾರ್ಜ್‌ಶೀಟ್ ಬಂದಿರಲಿಲ್ಲ. ಹಕ್ಕು ಹುಟ್ಟಿಯಾಯಿತು, ಇನ್ನೆಲ್ಲಿಗೆ ಹೋಗುತ್ತದೆ ಎಂಬ ಧೈರ್ಯದಲ್ಲಿ ಬೆಳಿಗ್ಗೆ ಇನ್ನೊಂದು ಕೋರ್ಟಿನಲ್ಲಿ ಪಾಟೀಸವಾಲು ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಅರ್ಜಿ ಕೊಡಲು ಹೋದೆ. ಬೆಂಚ್ ಕ್ಲರ್ಕ್ ಕನ್ನಡಕದ ಮೇಲಿಂದ ನೋಡಿ, ‘ಸಾರ್, ಹನ್ನೊಂದೂವರೆಗೇ ಚಾರ್ಜ್‌ಶೀಟ್ ಬಂತಲ್ಲ’ ಎಂದರು. ಆ ಹುಡುಗನ ತಾಯಿ ಬೆಳಿಗ್ಗೆಯಿಂದ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ‘ಇವತ್ತು ಬಿಡ್ತಾರಲ್ಲ ಸಾರ್?’ ಎಂದು ಕೇಳಿದರು. ಚಾರ್ಜ್‌ಶೀಟ್ ಬಂದಿದೆ ಎಂದಷ್ಟೇ ಹೇಳಿದೆ. ನಾನು ತಡಮಾಡಿದೆ ಎಂದು ಹೇಳುವ ಧೈರ್ಯ ಆವತ್ತು ಬರಲಿಲ್ಲ.

ಕಾನೂನು ಇಲ್ಲಿ ಸ್ಪಷ್ಟ. ಅವಧಿ ಮುಗಿದ ಮೇಲೆ, ಚಾರ್ಜ್‌ಶೀಟ್ ಬರುವ ಮುಂಚೆ ಅರ್ಜಿ ಹೋಗಿದ್ದರೆ ಆಮೇಲೆ ಪೊಲೀಸರು ಏನು ತಂದುಕೊಟ್ಟರೂ ಆ ಹಕ್ಕು ಅಳಿಯುವುದಿಲ್ಲ. 2020ರ ಎಂ. ರವೀಂದ್ರನ್ ತೀರ್ಪು ಇದನ್ನು ವಿವರವಾಗಿ ಹೇಳಿದೆ. ಕೇಳದೆ ಕೂತರೆ ಮಾತ್ರ ಹಕ್ಕು ಹೋಯಿತು. ಅರವತ್ತನೆಯ ದಿನವೇ ಕೊಟ್ಟರೆ ಅವಸರವಾಯಿತು, ಅರವತ್ತೊಂದನೆಯ ದಿನ ಮಧ್ಯಾಹ್ನ ಕೊಟ್ಟರೆ ತಡವಾಗಬಹುದು. ಅದಕ್ಕೇ ಈಗ ಅರ್ಜಿ ಹಿಂದಿನ ಸಂಜೆಯೇ ಟೈಪಾಗಿ, ಸಹಿಯಾಗಿ ಫೈಲಿನಲ್ಲಿರುತ್ತದೆ. ಕೋರ್ಟ್ ಕೂರುತ್ತಲೇ ಕೊಟ್ಟು, ಸ್ವೀಕೃತಿಯ ಮೇಲೆ ತಾರೀಖಿನ ಜೊತೆಗೆ ಗಂಟೆ ನಿಮಿಷವನ್ನೂ ಬರೆಸಿಕೊಳ್ಳುತ್ತೇನೆ. ಅರ್ಜಿ ತಯಾರಿಲ್ಲದಿದ್ದರೆ ಎದ್ದು ನಿಂತು ಬಾಯಲ್ಲೇ ಕೇಳಿ. ಬಾಯಿಮಾತಿನ ಕೋರಿಕೆಯೂ ಸಾಕು ಎಂದು ರಾಕೇಶ್ ಕುಮಾರ್ ಪಾಲ್ ತೀರ್ಪೇ ಹೇಳಿದೆ.

ಆದೇಶ ಸಿಕ್ಕ ಮೇಲೂ ಒಂದು ಗುಂಡಿಯಿದೆ. ಕೋರ್ಟು ಹೇಳಿದ ಸಮಯದೊಳಗೆ ಜಾಮೀನುದಾರರು ಬರಬೇಕು. ಪಹಣಿ ಹಳೆಯದು, ಕಂದಾಯ ರಸೀದಿ ಅಣ್ಣನ ಹೆಸರಲ್ಲಿದೆ ಎಂದು ದಿನ ದೂಡುತ್ತ ಹೋಗಿ, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದರೆ ಬಡಿಸಿದ ಎಲೆಯ ಮುಂದಿನಿಂದ ಎದ್ದು ಬಂದ ಹಾಗೆ. ಐವತ್ತನೆಯ ದಿನದ ಸುಮಾರಿಗೇ ಜಾಮೀನುದಾರರ ಕಾಗದಪತ್ರ ತರಿಸಿ ನೋಡಿಡಿ.

4. ಅವಧಿ ವಿಸ್ತರಣೆ ಎಲ್ಲ ಕೇಸಿಗೂ ಇಲ್ಲ, ಇದ್ದಲ್ಲಿ ತಾನಾಗಿ ಸಿಗುವುದೂ ಇಲ್ಲ

ಸಾಮಾನ್ಯ ಅಪರಾಧಗಳಲ್ಲಿ 60 ಅಥವಾ 90 ದಿನವನ್ನು ಹಿಗ್ಗಿಸುವ ಅಧಿಕಾರ ಯಾವ ಮ್ಯಾಜಿಸ್ಟ್ರೇಟರಿಗೂ ಇಲ್ಲ. ಕೋವಿಡ್ ಕಾಲದಲ್ಲಿ ಇದರ ಪರೀಕ್ಷೆಯಾಯಿತು. ಸುಪ್ರೀಂ ಕೋರ್ಟು 2020ರ ಮಾರ್ಚ್ 15ರಿಂದ ಎಲ್ಲ ಕಾಲಮಿತಿಗಳನ್ನೂ ವಿಸ್ತರಿಸಿದಾಗ, ಚಾರ್ಜ್‌ಶೀಟಿಗೂ ಅದು ಸೇರಿತೆಂದು ಪೊಲೀಸರು ಭಾವಿಸಿದರು. ನಾಚಿಕೆಯಿಂದ ಹೇಳುತ್ತೇನೆ, ನಾನೂ ಭಾವಿಸಿದೆ. ಅದೇ ಜೂನಿನಲ್ಲಿ ಎಸ್. ಕಾಶಿ ಪ್ರಕರಣದಲ್ಲಿ ಅದೇ ಕೋರ್ಟು ಇಲ್ಲ ಎಂದಿತು. ಮೇಲ್ಮನವಿ ಹಾಕುವವನಿಗೆ ಕೊಟ್ಟ ರಿಯಾಯಿತಿಯನ್ನು ಒಬ್ಬನನ್ನು ಜೈಲಿನಲ್ಲಿ ಹೆಚ್ಚು ದಿನ ಇಡಲು ಬಳಸುವಂತಿಲ್ಲ. ಈ ತೀರ್ಪು ಓದಿದ ಮೇಲೆಯೇ ನನಗೆ ಇಡೀ ವಿಷಯ ತಿಳಿಯಾದದ್ದು. ಕಕ್ಷಿದಾರನಿಗೆ ಬಾಗಿಲು ತೆರೆಯುವ ವಾಯಿದೆಯನ್ನು ಕೋರ್ಟುಗಳು ಸಡಿಲವಾಗಿ ನೋಡುತ್ತವೆ, ಸರ್ಕಾರದ ಕೈ ಕಟ್ಟುವ ವಾಯಿದೆಯನ್ನು ಬಿಗಿಯಾಗಿ. ಎರಡೂ ದಿನಗಳೇ ಆದರೂ ಒಂದೇ ಸ್ವಭಾವದವಲ್ಲ.

ಯುಎಪಿಎಯಲ್ಲಿ 180 ದಿನದವರೆಗೆ, ಎನ್‌ಡಿಪಿಎಸ್‌ನ ವಾಣಿಜ್ಯ ಪ್ರಮಾಣದ ಕೇಸುಗಳಲ್ಲಿ ಒಂದು ವರ್ಷದವರೆಗೆ ವಿಸ್ತರಣೆಗೆ ಅವಕಾಶವಿದೆ. ಆದರೆ ಅದಕ್ಕೆ ಪಬ್ಲಿಕ್ ಪ್ರಾಸಿಕ್ಯೂಟರು ತಾವೇ ಬುದ್ಧಿ ಓಡಿಸಿ ಕೊಟ್ಟ ವರದಿ ಬೇಕು. ತನಿಖಾಧಿಕಾರಿಯ ಪತ್ರಕ್ಕೆ ಒಂದು ಮುಖಪುಟ ಸೇರಿಸಿದರೆ ವರದಿಯಾಗುವುದಿಲ್ಲ. ವಿಸ್ತರಣೆ ಕೇಳುವ ದಿನ ಆರೋಪಿಯನ್ನು ಖುದ್ದಾಗಿಯೋ ವಿಡಿಯೊ ಮೂಲಕವೋ ಹಾಜರುಪಡಿಸಿ, ವಿಷಯ ತಿಳಿಸಬೇಕು ಎಂಬುದು 2022ರ ಜಿಗರ್ ಪ್ರಕರಣದ ತೀರ್ಪು. ಆರ್ಡರ್ ಶೀಟಿನಲ್ಲಿ ಆ ದಿನದ ಹಾಜರಾತಿ ಏನಿದೆ ಎಂದು ನೋಡದೆ ಬಿಟ್ಟ ಕೇಸುಗಳನ್ನು ನೆನೆದರೆ ಈಗಲೂ ಕಸಿವಿಸಿ.

5. ಚೆಕ್ ಕೇಸಿನಲ್ಲಿ ಬೇಗ ಹೋಗುವುದೂ ತಪ್ಪೇ

ಬ್ಯಾಂಕಿನಿಂದ ಚೆಕ್ ವಾಪಸಾದ ಮಾಹಿತಿ ಬಂದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಅದು ಮುಗಿದ ಮೇಲೆ ದೂರು ಕೊಡಲು ಒಂದು ತಿಂಗಳು. ತಿಂಗಳೆಂದರೆ ಕ್ಯಾಲೆಂಡರ್ ತಿಂಗಳು, ಮೂವತ್ತು ದಿನವಲ್ಲ. ನೋಟಿಸು ಜನವರಿ 5ರಂದು ತಲುಪಿತು ಎನ್ನಿ. ಆ ದಿನ ಬಿಟ್ಟರೆ 20ಕ್ಕೆ ಹದಿನೈದು ದಿನ ಮುಗಿಯುತ್ತದೆ. ದೂರಿಗೆ ಕಾರಣ ಹುಟ್ಟುವುದು 21ರಂದು, ಆ ದಿನವನ್ನೂ ಬಿಟ್ಟರೆ ಕೊನೆಯ ದಿನ ಫೆಬ್ರವರಿ 21. 1999ರ ಸಾಕೇತ್ ಇಂಡಿಯಾ ತೀರ್ಪು ಹೀಗೆ ಎಣಿಸಿತು, 2013ರಲ್ಲಿ ಇಕಾನ್ ಆಂಟ್ರಿ ತೀರ್ಪು ಅದನ್ನೇ ಖಾಯಂ ಮಾಡಿತು.

ತಡವಾಗುವ ಭಯಕ್ಕೆ ನಾನೊಮ್ಮೆ ಹದಿನೈದು ದಿನ ಮುಗಿಯುವ ಮುಂಚೆಯೇ ದೂರು ದಾಖಲಿಸಿ, ಚುರುಕಾದ ವಕೀಲ ಎಂದು ಕಕ್ಷಿದಾರನಿಂದ ಹೊಗಳಿಸಿಕೊಂಡೆ. ಅವಧಿಗೆ ಮುಂಚಿನ ದೂರು ದೂರೇ ಅಲ್ಲ ಎಂದು 2014ರ ಯೋಗೇಂದ್ರ ಪ್ರತಾಪ್ ಸಿಂಗ್ ತೀರ್ಪು ಹೇಳಿದೆ. ತಡವಾಗಿದ್ದರೆ 142ನೇ ಕಲಮಿನ ಅಡಿ ಕಾರಣ ತೋರಿಸಿ ಮನ್ನಾ ಕೇಳಬಹುದಿತ್ತು. ಬೇಗ ಹೋದದ್ದಕ್ಕೆ ಮನ್ನಾ ಅರ್ಜಿ ಇಲ್ಲ, ಮತ್ತೆ ಹೊಸ ದೂರನ್ನೇ ಕೊಡಬೇಕಾಯಿತು.

6. ನಕಲಿನ ಅರ್ಜಿ ತೀರ್ಪಿನ ದಿನವೇ ಹೋಗಲಿ

ಶಿಕ್ಷೆಯ ವಿರುದ್ಧ ಸೆಷನ್ಸ್ ಕೋರ್ಟಿಗೆ ಮೇಲ್ಮನವಿಯಾದರೆ 30 ದಿನ, ಹೈಕೋರ್ಟಿಗಾದರೆ 60, ರಿವಿಷನ್ನಿಗೆ 90. ದೃಢೀಕೃತ ನಕಲು ತಯಾರಾಗಲು ಹಿಡಿದ ಸಮಯವನ್ನು ಇದರಿಂದ ಕಳೆಯಬಹುದು. ಆದರೆ ಅರ್ಜಿ ಹಾಕುವ ಮುಂಚೆ ಕಳೆದ ದಿನ ನಿಮ್ಮ ಖಾತೆಗೇ. ನಕಲು ತಯಾರಾದ ಮೇಲೆ ನೀವು ಹೋಗಿ ತರದ ದಿನವೂ ನಿಮ್ಮ ಖಾತೆಗೇ. ನಕಲಿನ ಹಿಂಬದಿಯ ಮುದ್ರೆಯಲ್ಲಿ ಎಲ್ಲ ತಾರೀಖುಗಳೂ ಇರುತ್ತವೆ, ಎದುರು ಪಕ್ಷದವರು ಮೊದಲು ತಿರುವಿ ನೋಡುವುದು ಅದನ್ನೇ. ಜೈಲುಶಿಕ್ಷೆಯಾದ ಆರೋಪಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕೆಂದು ಸಂಹಿತೆಯೇ ಹೇಳುತ್ತದೆ. ಕೇಳಲು ಸಂಕೋಚ ಬೇಡ.

ಕೊನೆಯ ದಿನ ಕೋರ್ಟಿಗೆ ರಜೆಯಿದ್ದರೆ ತೆರೆದ ದಿನ ಹಾಕಬಹುದು. ನ್ಯಾಯಾಧೀಶರು ರಜೆಯಲ್ಲಿದ್ದಾರೆ ಎಂದರೆ ಕೋರ್ಟು ಮುಚ್ಚಿದೆ ಎಂದಲ್ಲ. ಈ ಎರಡನ್ನು ಒಂದೇ ಎಂದುಕೊಂಡು ಶನಿವಾರ ಮನೆಯಲ್ಲಿ ಕೂತವರಲ್ಲಿ ನಾನೂ ಒಬ್ಬ.

7. ವಿಳಂಬ ಮನ್ನಾ ಅಫಿಡವಿಟ್ಟಿನಲ್ಲಿ ನಿಜ ಬರೆಯಿರಿ

ನಮ್ಮ ಕಡೆ ಅಫಿಡವಿಟ್ಟುಗಳಲ್ಲಿ ಎಲ್ಲರಿಗೂ ಜ್ವರ ಬರುತ್ತದೆ. ಟೈಪಿಸ್ಟಿನ ಕಂಪ್ಯೂಟರಿನಲ್ಲಿ ಮಾದರಿ ಸಿದ್ಧವಾಗಿರುತ್ತದೆ, ಹೆಸರು ತಾರೀಖು ಬದಲಿಸಿದರಾಯಿತು. ನನ್ನ ಕಕ್ಷಿದಾರ ತಿಂಗಳುಗಟ್ಟಲೆ ಕಾಫಿ ತೋಟದ ಕೂಲಿಗೆ ಹೋಗಿದ್ದ. ಖರ್ಚಿಗೆ ಹಣ ಹೊಂದಿಸಿಕೊಂಡು ಬರುವಷ್ಟರಲ್ಲಿ ಅವಧಿ ಮೀರಿತ್ತು. ಎಷ್ಟು ಒಳ್ಳೆಯ ಕಾರಣ! ನಾನು ಜ್ವರ ಎಂದು ಬರೆಸಿದೆ. ನ್ಯಾಯಾಧೀಶರು ಶಾಂತವಾಗಿ, ‘ಜ್ವರ ಯಾವತ್ತು ಬಿಟ್ಟಿತು?’ ಎಂದು ಕೇಳಿದರು. ಅರ್ಜಿ ವಜಾ ಆಯಿತು. ಮೇಲಿನ ಕೋರ್ಟಿನಲ್ಲಿ ನಿಜ ಹೇಳಲು ಹೋದರೆ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬಂತು.

1987ರ ಕಾತಿಜಿ ತೀರ್ಪಿನಿಂದೀಚೆಗೆ ಕೋರ್ಟುಗಳು ವಿಳಂಬವನ್ನು ಉದಾರವಾಗಿ ನೋಡುತ್ತ ಬಂದಿವೆ, ಆದರೆ ಆ ಉದಾರತೆ ನಂಬಬಹುದಾದ ಕಾರಣಕ್ಕೆ. ಯಾವ ವಿಳಂಬಕ್ಕೆ ಯಾವ ಕಲಂ ಎಂಬುದನ್ನೂ ಗಮನಿಸಿ. ಮೇಲ್ಮನವಿಗೆ ಕಾಲಮಿತಿ ಕಾಯಿದೆಯ 5ನೇ ಕಲಂ. ಸಣ್ಣ ಅಪರಾಧಗಳ ಕಾಗ್ನಿಜೆನ್ಸಿಗೆ ಇರುವ ಆರು ತಿಂಗಳು, ಒಂದು ವರ್ಷ, ಮೂರು ವರ್ಷಗಳ ಮಿತಿ ಮೀರಿದರೆ ಸಂಹಿತೆಯದೇ ಪ್ರತ್ಯೇಕ ಕಲಂ ಇದೆ, ಈಗ ಅದು 519.

8. ಹೊಸ ಸಂಹಿತೆಯ ಹೊಸ ವಾಯಿದೆಗಳನ್ನು ಡೈರಿಗೆ ಹತ್ತಿಸಿ

ಮೊದಲು ಡಿಸ್ಚಾರ್ಜ್ ಅರ್ಜಿಗೆ ದಿನದ ಲೆಕ್ಕವೇ ಇರಲಿಲ್ಲ, ಆರೋಪ ಹೊರಿಸುವವರೆಗೆ ಸಾವಕಾಶವಾಗಿ ಹಾಕುತ್ತಿದ್ದೆವು. ಈಗ ಸೆಷನ್ಸ್ ಕೇಸಿನಲ್ಲಿ ಕಮಿಟ್ ಆದ ದಿನದಿಂದ 60 ದಿನ, ವಾರಂಟ್ ಕೇಸಿನಲ್ಲಿ ದಾಖಲೆಗಳ ಪ್ರತಿ ಕೊಟ್ಟ ದಿನದಿಂದ 60 ದಿನ. ಗಡುವು ಮೀರಿದರೆ ಏನು ಎಂದು ಆ ಕಲಮುಗಳು ಹೇಳುವುದಿಲ್ಲ. ಕಲಂ ಸುಮ್ಮನಿದೆ ಎಂದು ನಾವೂ ಸುಮ್ಮನಿರುವುದು ಬೇಡ. ಪ್ರತಿ ಪಡೆದ ದಿನವೇ ಆರ್ಡರ್ ಶೀಟಿನಲ್ಲಿ ತಾರೀಖು ಬರೆಸಿಕೊಳ್ಳಿ. ಚಾರ್ಜ್‌ಶೀಟಿನ ಪುಟಗಳು ಕಡಿಮೆ ಇದ್ದರೆ ಅವತ್ತೇ ಮೆಮೊ ಹಾಕಿ. ಅರವತ್ತು ದಾಟಿದರೆ ಡಿಸ್ಚಾರ್ಜ್ ಅರ್ಜಿಯ ಜೊತೆಗೇ, ಯಾರೂ ಕೇಳದಿದ್ದರೂ, ತಡಕ್ಕೆ ಕಾರಣ ಹೇಳುವ ಅಫಿಡವಿಟ್ಟೊಂದನ್ನು ಲಗತ್ತಿಸಿಬಿಡಿ.